ವಿದ್ಯೆಯೂ ದಯೆಯೂ

ಓದು ಮನುಷ್ಯನನ್ನು ಮೃದುಗೊಳಿಸುವುದೆಂದು ನಾವೆಲ್ಲರೂ ನಂಬಿದ್ದೇವೆ. ಗ್ರಂಥಭಂಡಾರಗಳನ್ನು ಸ್ಥಾಪಿಸುವವರೂ, ಸಾಹಿತ್ಯಸಂಘಗಳನ್ನು ನಡೆಯಿಸುವವರೂ, ಇಂತಹ ಪತ್ರಿಕೆಗಳಿಗೆ ಚಂದಾ ತೆರುವವರೂ ಮನಸ್ಸಿನ ಒಂದು ಮೂಲೆಯಲ್ಲಿ ಈ ನಂಬಿಕೆಯನ್ನಿಟ್ಟುಕೊಂಡೇ ಆ ಕಾರ್ಯಕ್ಕೆ ತೊಡಗುವರು. ಆದರೆ ಎಷ್ಟು ಒಳ್ಳೆಯ ನಂಬಿಕೆಯನ್ನಾದರೂ ಆಗಾಗ ಒರೆಗಲ್ಲಿಗೆ ತಿಕ್ಕಿ ನೋಡುವುದುಂಟಷ್ಟೆ. ಅಂತಹ ಒರೆಗಲ್ಲೊಂದು ಹದಿನೈದನೆಯ ಶತಮಾನದ ಇಂಗ್ಲೆಂಡಿನ ಚರಿತ್ರೆಯಲ್ಲಿ ದೊರೆಯುವುದು.

ಜಾನ್ ಟಿಪ್ಟಾಫ್ಟನು 1427ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗಮಾಡಿ, 1449ರಲ್ಲಿ ವುಸ್ಟರಿನ ಅರ್ಲ್ ಎಂಬ ಪದವಿಯನ್ನು ಪಡೆದನು. ಮೂರು ವರ್ಷಗಳಲ್ಲಿಯೇ ರಾಜ್ಯದ ಕೋಶಾಧಿಕಾರಿಯಾದನು. ಅಂದಿನ ಪ್ರಭುಗಳಿಗೆ ಬೇಟೆ, ಯುದ್ಧ, ಆಸ್ತಿಯ ವ್ಯಾಜ್ಯ ಇವೇ ದೊಡ್ಡ ವ್ಯಾಸಂಗ. ಇವನಾದರೋ 1458ರಲ್ಲಿ ಯೆರೂಸಲೇಮಿಗೆ ಯಾತ್ರೆಹೋಗಿ, ಆಮೇಲೆ ಇಟಲಿಯಲ್ಲಿಯೇ ನಿಂತುಬಿಟ್ಟನು. ಪಡುವಾದಲ್ಲಿ ವಿದ್ಯಾರ್ಥಿಯಾದನು, ಫೆರಾರಾದಲ್ಲಿ ವೃದ್ಧಪಂಡಿತನಾದ ಗ್ವಾರಿನೋನನ್ನು ಕಂಡನು, ಫ್ಲಾರೆನ್ಸಿನಲ್ಲಿ ಗ್ರೀಕ್ ವಿದ್ವಾಂಸನಾದ ಆರ್ಗಿರೋಪೊಲಸನ ಉಪನ್ಯಾಸವನ್ನು ಕೇಳಿದನು. ಇವನ ಲ್ಯಾಟಿನ್ ಭಾಷಣವನ್ನು ಕೇಳಿ ಪೋಪ್ ಎರಡನೆಯ ಪಯಸನ ಕಣ್ಣುಗಳಲ್ಲಿ ನೀರಾಡಿತೆಂದು ಹೇಳುವರು. ಫ್ಲಾರೆನ್ಸಿನ ಪುಸ್ತಕವ್ಯಾಪಾರಿ ವೆಸ್ಪಾಸಿಯಾನೋ ತನ್ನ ಕಾಲದ ಮಹನೀಯರ ಚರಿತ್ರೆಗಳನ್ನು ಬರೆದಾಗ ಈ ಆಂಗ್ಲೇಯನನ್ನೂ ಅವರ ಸಾಲಿನಲ್ಲಿ ಸೇರಿಸಿದನು. ಸಿಸೆರೋವಿನ ಸ್ನೇಹವಿಷಯಕವಾದ ಗ್ರಂಥವನ್ನು ಟಿಪ್ಟಾಫ್ಟನು ಇಂಗ್ಲಿಷಿಗೆ ತಂದನು.

1461ರಲ್ಲಿ ನಾಲ್ಕನೆಯ ಎಡ್ವರ್ಡನು ಸಿಂಹಾಸನವನ್ನು ಗೆದ್ದುಕೊಂಡನು. ಟಿಪ್ಟಾಫ್ಟನು ಅದೇ ವರ್ಷ ಸ್ವದೇಶಕ್ಕೆ ಮರಳಿ, ಮರುವರ್ಷ ಇಂಗ್ಲೆಂಡಿನ ಕಾನ್‌ಸ್ಟೇಬಲ್ ಆದನು. ಇಂದು ಪೊಲೀಸು ಪೇದೆಗಿರುವ ಈ ಹೆಸರು ಅಂದು ಮಹಾದಂಡಾಧಿಕಾರಿಯ ಬಿರುದಾಗಿದ್ದಿತು. ರಾಜದ್ರೋಹದ ಆಪಾದನೆಗೆ ಸಿಕ್ಕಿದವರನ್ನು ಜ್ಯೂರಿಯಿಲ್ಲದೆಯೇ ವಿಚಾರಿಸಿ ತಲೆತೆಗೆಯಿಸುವ ಅಧಿಕಾರವು ಅವನ ಕೈಗೆ ಬಂದಿತು. 1462ರಲ್ಲಿ ಆಕ್ಸ್‌ಫರ್ಡಿನ ಅರ್ಲನೂ ಅವನ ಹಿರಿಯ ಮಗನೂ ಮರಣದಂಡನೆಗೆ ಗುರಿಯಾದರು. 1468ರಲ್ಲಿ, ಟಿಪ್ಟಾಫ್ಟನು ಐರ್ಲೆಂಡಿನಲ್ಲಿ ರಾಜಪ್ರತಿನಿಧಿಯಾಗಿದ್ದಾಗ, ಡೆಸ್ಮಂಡಿನ ಅರ್ಲನ ತಲೆ ದ್ರೋಗೆಡದಲ್ಲಿ ಉರುಳಿತು. 1470ರಲ್ಲಿ ಸೌತ್‌ಹ್ಯಾಂಪ್ಟನ್ನಿನಲ್ಲಿ ಸೆರೆಸಿಕ್ಕಿದ ಶತ್ರುಪಕ್ಷದ 20 ಮಂದಿಯನ್ನು ಗಲ್ಲಿಗೇರಿಸಿ, ಕಡಿದು, ಸಾಲದೆಂಬಂತೆ ಅವರ ಶವಗಳನ್ನು ಶೂಲಕ್ಕೆ ಸಿಕ್ಕಿಸಿ ಜನರ ಕಣ್ಣಮುಂದೆ ನಿಲ್ಲಿಸಿದರು. ಸತ್ತವರ ಮೇಲಿನ ಈ ಹಗೆಯನ್ನು ಜನರು ಮರೆಯಲಿಲ್ಲ. ಕಟುಕನೆಂಬ ಹೆಸರು ಅವನಿಗೆ ಶಾಶ್ವತವಾಯಿತು.

ಇದಕ್ಕೆ ಸಮಾಧಾನವೇನು? ಅವನದು ನಿಜವಾದ ವಿದ್ಯೆಯಲ್ಲವೆಂದು ಕೆಲವರು ಹೇಳಬಹುದು. ಈ ಉತ್ತರವು ನನಗೆ ಒಪ್ಪಿಗೆಯಾಗದು. ದಯೆಯನ್ನು ಕೊಡುವುದೇ ವಿದ್ಯೆಯೆಂದು ಮೊದಲೇ ಲಕ್ಷಣವನ್ನು ಕಟ್ಟಿಬಿಟ್ಟರೆ, ನಿರ್ದಯನಾದ ಪಂಡಿತನು ಲೋಕದಲ್ಲಿ ಎಂದಿಗೂ ಸಿಕ್ಕಲಾರನು. ನಮ್ಮ ನಂಬಿಕೆಯೂ ಎಂದಿಗೂ ಸೋಲದು. ಇದು ಪಗಡೆಯ ದಾಳವನ್ನು ಬೇಕಾದಂತೆ ಕೆತ್ತಿಕೊಂಡು ಆಡಿದ ಹಾಗೆ. ಅಂದಿನ ಜನರಾದರೋ ವಿದ್ಯೆಯನ್ನೇ ದೂರಿ, ಅವನು ನಡೆಯಿಸಿದ್ದು ಪಡುವಾದ ಕಾನೂನೆಂದು ಆಡಿಕೊಂಡರು. ಇದೂ ಅರೆಸತ್ಯ. 1471ರಲ್ಲಿ ಟ್ಯೂಕ್ಸ್‌ಬರಿಯ ಕಾಳಗದಲ್ಲಿ ಸೋತು ಮಠದಲ್ಲಿ ಮರೆಹೊಕ್ಕವರನ್ನು ಹೊರಗೆಳೆದು ತಲೆಕಡಿಯಿಸಿದರಷ್ಟೆ. ಅಷ್ಟರಲ್ಲಿ ಟಿಪ್ಟಾಫ್ಟನು ಸತ್ತು ತಿಂಗಳುಗಳಾಗಿದ್ದುವು. ಕ್ರೌರ್ಯಕ್ಕೆ ಇಟಲಿಯ ಗುರುಗಳ ಅಗತ್ಯವಿರಲಿಲ್ಲ.

ನನಗೆ ತೋರುವುದು ಬೇರೆ. ಗ್ರಂಥವು ಓದುಗನನ್ನು ಏನನ್ನೂ ಬೇಡುವುದಿಲ್ಲ. ಕಾವ್ಯದಲ್ಲಿ ನೊಂದವಳಿಗಾಗಿ ನಾವು ಕಣ್ಣೀರು ಸುರಿಸಿದರೆ ನಮ್ಮ ಗಂಟೇನೂ ಹೋಗದು. ಪುಟವನ್ನು ಮುಚ್ಚಿ ಊಟಕ್ಕೇಳಬಹುದು. ನ್ಯಾಯಪೀಠದ ಮುಂದೆ ಕಟ್ಟಿಹಾಕಿಸಿಕೊಂಡು ನಿಂತವನು ಹಾಗಲ್ಲ. ಅವನಿಗೆ ಮರುಗಿದರೆ ಅರಸನ ಅನುಗ್ರಹವನ್ನೋ, ಪದವಿಯನ್ನೋ, ಕಡೆಗೆ ತನ್ನ ಸುರಕ್ಷಿತತೆಯನ್ನೋ ತೆರಬೇಕಾಗುವುದು. ಬೆಲೆಯಿಲ್ಲದ ಕರುಣೆಯನ್ನು ಎಷ್ಟು ವರ್ಷ ಅಭ್ಯಾಸಮಾಡಿದರೂ ಬೆಲೆಯುಳ್ಳ ಕರುಣೆಯು ತಾನಾಗಿ ಬಾರದು. ದಡದಲ್ಲಿ ಕುಳಿತು ಕೈಬೀಸಿದವನಿಗೆ ಈಜು ಬಾರದಂತೆ. ಸಿಸೆರೋ ಹೇಳುವ ಸ್ನೇಹವೂ ಸಜ್ಜನರೊಳಗಿನ ಸ್ನೇಹ. ಆ ವೃತ್ತದ ಹೊರಗೆ ಬಿದ್ದವನಿಗೆ ನಾವು ಏನನ್ನು ಸಲ್ಲಿಸಬೇಕೆಂಬ ಪ್ರಶ್ನೆ ಆ ಗ್ರಂಥದ್ದಲ್ಲ. ಟಿಪ್ಟಾಫ್ಟನು ಅದನ್ನು ತಪ್ಪಾಗಿ ಓದಿರಲಾರನು. ಸರಿಯಾಗಿ ಓದಿ, ಅದು ನಿಲ್ಲುವಲ್ಲಿಯೇ ತಾನೂ ನಿಂತನು.

ಹಾಗಾದರೆ ಓದು ವ್ಯರ್ಥವೆ? ವ್ಯರ್ಥವೆಂದು ನಾನು ಹೇಳೆನು. ಮುದ್ರಕನಾದ ಕ್ಯಾಕ್ಸ್‌ಟನ್ನನು 1481ರಲ್ಲಿ ಆ ಸ್ನೇಹಗ್ರಂಥವನ್ನು ಅಚ್ಚುಹಾಕಿ, ಭಾಷಾಂತರಕಾರನ ಮರಣಕ್ಕಾಗಿ ಬಹಳವಾಗಿ ಮರುಗಿ ಬರೆದನು. ಆ ಮರುಕವು ಸುಳ್ಳಲ್ಲ. ಆ ಪುಸ್ತಕದಿಂದ ಎಷ್ಟೋ ಮಂದಿಗೆ ಒಳ್ಳೆಯದಾಗಿರಬೇಕು. ವಿದ್ಯೆಯು ಬರೆದವನನ್ನು ತಿದ್ದದೆ ಇದ್ದರೂ ಓದಿದವನನ್ನು ತಿದ್ದಬಹುದು. ಆದರೆ ತಿದ್ದಿಯೇ ತೀರುವುದೆಂಬ ಭರವಸೆಯ ಮೇಲೆ ಯಾವನ ಕೈಗಾದರೂ ಕೊಡಲಿಯನ್ನು ಕೊಡುವುದು ಸಲ್ಲದು. ಜ್ಯೂರಿಯಿಲ್ಲದ ನ್ಯಾಯಸ್ಥಾನಕ್ಕೆ ಪಂಡಿತನನ್ನು ನೇಮಿಸಿದ ಮಾತ್ರಕ್ಕೆ ಅದು ನ್ಯಾಯವಾಗದು.

1470ರ ಅಕ್ಟೋಬರಿನಲ್ಲಿ ಎಡ್ವರ್ಡನು ಸಮುದ್ರದಾಚೆಗೆ ಓಡಿಹೋದಾಗ ಟಿಪ್ಟಾಫ್ಟನು ಅಡಗಿಕೊಂಡು ಸಿಕ್ಕಿಬಿದ್ದನು. ಅವನನ್ನು ವಿಚಾರಿಸಲು ಪೀಠವನ್ನೇರಿದವನು, ಇವನಿಂದ ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡಿದ್ದ ಆಕ್ಸ್‌ಫರ್ಡಿನ ಹೊಸ ಅರ್ಲನು! ವಧೆಯನ್ನು ನೋಡಲು ಜನರು ಎಷ್ಟು ನೆರೆದರೆಂದರೆ, ದಾರಿ ಬಿಡಿಸಲಾರದೆ ರಾಜಭಟರು ಅವನನ್ನು ಒಂದು ರಾತ್ರಿ ಫ್ಲೀಟ್ ಕಾರಾಗೃಹದಲ್ಲಿರಿಸಿದರು. ಆ ಜನರು ಸಿಸೆರೋವನ್ನು ಓದಿದವರಲ್ಲ. ಅವರ ಮುಖಗಳಲ್ಲಿಯೂ ದಯೆಯಿದ್ದಿತೆಂದು ಹೇಳುವಂತಿಲ್ಲ. 18ನೆಯ ತಾರೀಖು ಟವರ್ ಹಿಲ್ಲಿನಲ್ಲಿ ಅವನು ಕೊಲೆಗಾರನನ್ನು ಕರೆದು, ತ್ರಿಯೇಕದೇವರ ಗೌರವಾರ್ಥವಾಗಿ ತನ್ನ ತಲೆಯನ್ನು ಮೂರು ಏಟುಗಳಲ್ಲಿ ಕಡಿಯಬೇಕೆಂದು ಕೇಳಿಕೊಂಡನಂತೆ. ಇದನ್ನು ಆಷಾಢಭೂತಿತನವೆಂದು ನಗುವವರೊಡನೆ ನಾನು ಸೇರಲಾರೆನು. ಸಾಯುವ ಗಳಿಗೆಯಲ್ಲಿ ಅಷ್ಟು ನೋವನ್ನು ಬಯಸಿ ತೆಗೆದುಕೊಳ್ಳುವವನ ಭಕ್ತಿಯು ಹುಸಿಯಾಗಿರಲಾರದು. ಸೌತ್‌ಹ್ಯಾಂಪ್ಟನ್ನಿನ ಆ 20 ಮಂದಿಯೂ ಅದೇ ದೇವರನ್ನು ನಂಬಿದವರಾಗಿದ್ದರು.