ನಡುಗಿದ ನೆಲ, ತೀರ್ಪು ಕೊಡುವ ನಾಲಗೆ

ಎಲ್ಲಾದರೂ ಭೂಮಿ ಕಂಪಿಸಿದ ಅಥವಾ ಗುಡ್ಡ ಕುಸಿದ ಸುದ್ದಿ ಬಂತೆಂದರೆ, ಮಣ್ಣಿನಡಿಯಿಂದ ಮೃತದೇಹಗಳನ್ನು ಹೊರತೆಗೆಯುವ ಮೊದಲೇ ನಮ್ಮ ನಡುವೆ ಒಂದು ಮಾತು ಹೊರಡುತ್ತದೆ: “ಅಲ್ಲಿ ಏನೇನು ನಡೆಯುತ್ತಿತ್ತೋ, ಅದಕ್ಕೇ ಹೀಗಾಯಿತು.” ಮಸೀದಿಯ ಜಗಲಿಯಲ್ಲಿ, ಚಹಾದಂಗಡಿಯಲ್ಲಿ, ಮದುವೆ ಮನೆಯ ಊಟದ ನಡುವೆ ಈ ಮಾತನ್ನು ನೀವೂ ಕೇಳಿದ್ದೀರಿ. ಬಹುಶಃ ತಲೆಯನ್ನೂ ಅಲ್ಲಾಡಿಸಿದ್ದೀರಿ. ಹೇಳುವವರಿಗೆ ಅದರಲ್ಲಿ ದೇವಭಯವಿದೆ ಎಂದೇ ಅನಿಸುತ್ತದೆ. ಆದರೆ ಪ್ರಿಯ ಓದುಗರೇ, ಮೊನ್ನೆ ತಾನೇ ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯ ಮುಂದೆ ನಿಂತು ಇದೇ ಮಾತನ್ನು ಹೇಳಲು ನಮಗೆ ಸಾಧ್ಯವೇ? ಸಾಧ್ಯವಿಲ್ಲವೆಂದಾದರೆ, ಅವಳ ಬೆನ್ನ ಹಿಂದೆ ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು?

ಪವಿತ್ರ ಕುರ್‌ಆನ್ ಭೂಕಂಪದ ಬಗ್ಗೆ ಮೌನವಾಗಿಲ್ಲ. ಅದರ 99ನೆಯ ಅಧ್ಯಾಯದ ಹೆಸರೇ ಕಂಪನ ಎಂಬುದಾಗಿದೆ. ಸಮೂದ್ ಜನಾಂಗದ ಮತ್ತು ಮದ್‌ಯನ್‌ನವರ ನಾಶದ ವೃತ್ತಾಂತಗಳನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತಾ ಬಂದಿದ್ದೇವೆ. ಅವುಗಳಲ್ಲಿ ನಮಗೆ ಯಾವ ಸಂಶಯವೂ ಇಲ್ಲ. ಆದರೆ ಆ ಜನರು ತಮ್ಮ ಪಾಪದ ಕಾರಣದಿಂದಲೇ ನಾಶವಾದರೆಂದು ನಮಗೆ ಗೊತ್ತಾದದ್ದು ಹೇಗೆ? ಅಲ್ಲಾಹನು ತನ್ನ ಪ್ರವಾದಿಗೆ ದಿವ್ಯವಾಣಿಯ ಮೂಲಕ ತಿಳಿಸಿದುದರಿಂದ. ದಿವ್ಯವಾಣಿ ನಿಂತು ಹದಿನಾಲ್ಕು ಶತಮಾನಗಳಾದವು. ಇಂದು ಯಾವುದೋ ಊರಿನ ಮೇಲೆ ಗುಡ್ಡ ಬಿದ್ದಾಗ ಅದು ಶಿಕ್ಷೆಯೋ, ಪರೀಕ್ಷೆಯೋ ಎಂಬುದನ್ನು ನಮಗೆ ಬಂದು ಹೇಳಿದವರು ಯಾರು?

ಪ್ರವಾದಿವರ್ಯರ(ಸ) ಜೀವನದ ಮೂರು ಸಂಗತಿಗಳನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮದೀನಾದ ಜನರು, ಪ್ರವಾದಿಯ ಮಗನ ಮರಣಕ್ಕೆ ಸೂರ್ಯನೂ ಮಂಕಾದನೆಂದು ಮಾತಾಡಿಕೊಂಡರು. ಅದು ಪ್ರೀತಿಯಿಂದ ಆಡಿದ ಮಾತೇ. ಆದರೂ ಪ್ರವಾದಿ(ಸ) ಅದನ್ನು ಹಾಗೆಯೇ ಬಿಡಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರದೇ ಸಾವಿಗಾಗಲಿ ಬದುಕಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂಬರ್ಥದಲ್ಲಿ ತಿದ್ದಿದರು. ಮಗನನ್ನು ಮಣ್ಣಿಗಿಟ್ಟ ತಂದೆಯೊಬ್ಬರು ಅಂತಹ ಗಳಿಗೆಯಲ್ಲೂ ಜನರ ತಪ್ಪು ತಿಳಿವಳಿಕೆಯನ್ನು ಸಹಿಸಲಿಲ್ಲ ಎಂಬುದನ್ನು ಗಮನಿಸಿರಿ.

ಎರಡನೆಯದು ಉಹುದ್ ಬೆಟ್ಟದ್ದು. ಪ್ರವಾದಿ(ಸ) ಅದರ ಮೇಲೇರಿದಾಗ ಅವರ ಜೊತೆ ಹಝ್ರತ್ ಅಬೂಬಕರ್, ಉಮರ್ ಮತ್ತು ಉಸ್ಮಾನ್(ರ) ಇದ್ದರು. ಬೆಟ್ಟ ನಡುಗಿತು. ಆಗ ಪ್ರವಾದಿ(ಸ) ಬೆಟ್ಟಕ್ಕೆ ಸ್ಥಿರವಾಗಿರಲು ಹೇಳಿ, ನಿನ್ನ ಮೇಲಿರುವವರು ಒಬ್ಬ ಪ್ರವಾದಿ, ಒಬ್ಬ ಸತ್ಯಸಂಧ ಮತ್ತು ಇಬ್ಬರು ಹುತಾತ್ಮರು ಎಂದು ತಿಳಿಸಿದರೆಂದು ಹದೀಸ್‌ನಲ್ಲಿದೆ. ನೆಲ ನಡುಗಿದ್ದೇ ಅದರ ಮೇಲಿರುವವರ ಪಾಪಕ್ಕೆ ಸಾಕ್ಷಿ ಎನ್ನುವವರು ಈ ಹದೀಸನ್ನು ಓದಿ ಏನು ಹೇಳುತ್ತಾರೆ?

ಮೂರನೆಯದು ಇನ್ನೂ ಗಂಭೀರವಾದುದು. ಪ್ಲೇಗಿನಿಂದ, ಹೊಟ್ಟೆಯ ಕಾಯಿಲೆಯಿಂದ, ನೀರಿನಲ್ಲಿ ಮುಳುಗಿ ಸತ್ತವರ ಜೊತೆಗೆ, ಕುಸಿದುದರ ಅಡಿಯಲ್ಲಿ ಸಿಲುಕಿ ಸತ್ತವರನ್ನೂ ಪ್ರವಾದಿ(ಸ) ಹುತಾತ್ಮರ ಸಾಲಿಗೆ ಸೇರಿಸಿದ್ದಾರೆ. ಪ್ರವಾದಿ(ಸ) ಶಹೀದ್ ಎಂದು ಕರೆದವರನ್ನು ನಾವು ಪಾಪಿಗಳೆಂದು ಕರೆಯುವುದೇ? ಇನ್ನು ನಮ್ಮ ಸಮುದಾಯದವರಲ್ಲದ ಮೃತರ ವಿಚಾರಣೆಯನ್ನೂ ಅಲ್ಲಾಹನು ನಮಗೆ ವಹಿಸಿಕೊಟ್ಟಿಲ್ಲ.

ಈಗ ಕಿಲ್ಲಾರಿಗೆ ಬರೋಣ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳು ಕೆಲವೇ ಕ್ಷಣಗಳಲ್ಲಿ ಕಲ್ಲಿನ ರಾಶಿಗಳಾದವು. ನಮ್ಮ ಬೀದರ್, ಕಲಬುರಗಿ ಕಡೆಯ ಹಿರಿಯರು ಆ ರಾತ್ರಿ ಮಕ್ಕಳನ್ನೆತ್ತಿಕೊಂಡು ಹೊರಗೋಡಿದುದನ್ನು ಇಂದಿಗೂ ಹೇಳುತ್ತಾರೆ. ಸತ್ತವರು ಎಂಟರಿಂದ ಹತ್ತು ಸಾವಿರದಷ್ಟು. ಕಂಪನದ ಪ್ರಮಾಣ ಎಷ್ಟೆಂದರೆ 6.2. ಜಗತ್ತಿನಲ್ಲಿ ಈ ಪ್ರಮಾಣದ ಕಂಪನಗಳು ಪ್ರತಿವರ್ಷ ಹಲವಾರು ಆಗುತ್ತವೆ, ಹೆಚ್ಚಿನವು ಒಂದು ಜೀವವನ್ನೂ ತೆಗೆಯುವುದಿಲ್ಲ. ಹಾಗಾದರೆ ಇಲ್ಲಿ ಇಷ್ಟೊಂದು ಸಾವು ಏಕೆ?

ಭೂವಿಜ್ಞಾನಿಗಳು ಮತ್ತು ಇಂಜಿನಿಯರುಗಳು ಅಲ್ಲಿಗೆ ಹೋಗಿ ಗೋಡೆಗಳನ್ನು ಪರಿಶೀಲಿಸಿದರು. ಭಾರತದ ಭೂಫಲಕವು ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಾ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲಿ ಮಾತ್ರವಲ್ಲ, ಒಳನಾಡಿನ ಹಳೆಯ ಬಿರುಕುಗಳಲ್ಲೂ ಶೇಖರವಾಗುತ್ತದೆ, ಯಾವಾಗಲೋ ಒಮ್ಮೆ ಬಿಡುಗಡೆಯಾಗುತ್ತದೆ. ಕಿಲ್ಲಾರಿಯಲ್ಲಿ ಅದು ನೆಲದಿಂದ ಬಹಳ ಕಡಿಮೆ ಆಳದಲ್ಲಿ ಆಯಿತು. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಸುರಕ್ಷಿತವೆನಿಸಿದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು.

ಆದರೆ ಕೊಂದದ್ದು ಕಂಪನಕ್ಕಿಂತ ಹೆಚ್ಚಾಗಿ ಮನೆ. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆಗಳು, ಕಲ್ಲುಗಳ ನಡುವೆ ಬರೀ ಮಣ್ಣು. ಗೋಡೆಯ ಒಳಮೈಯನ್ನೂ ಹೊರಮೈಯನ್ನೂ ಸೇರಿಸಿ ಹಿಡಿಯುವ ಉದ್ದ ಕಲ್ಲುಗಳಿಲ್ಲ. ಮೇಲೆ ಬೇಸಿಗೆಯ ತಾಪ ತಡೆಯಲು ವರ್ಷ ವರ್ಷವೂ ಹೇರುತ್ತಾ ಬಂದ ಮಣ್ಣಿನ ಮಾಳಿಗೆ. ಗೋಡೆ ಎರಡು ಸೀಳಾಗಿ ಜರಿದಾಗ ಆ ಮಣ್ಣೆಲ್ಲ ಮಲಗಿದ್ದವರ ಮೇಲೆ ಬಿತ್ತು. ಅದೇ ಊರುಗಳಲ್ಲಿ ಹುಲ್ಲಿನ ಗುಡಿಸಲುಗಳಲ್ಲಿದ್ದ ಕೂಲಿಕಾರರಲ್ಲಿ ಅನೇಕರು ಬದುಕಿಕೊಂಡರು. ಅವರ ತಲೆಯ ಮೇಲೆ ಭಾರವಿರಲಿಲ್ಲ. ದಪ್ಪ ಗೋಡೆಯೇ ರಕ್ಷಣೆಯೆಂದು ನಂಬಿದ್ದ ಅನುಕೂಲಸ್ಥರ ಮನೆಗಳು ಸಮಾಧಿಗಳಾದವು. ಈ ಲೆಕ್ಕದಲ್ಲಿ ಪಾಪ ಪುಣ್ಯವನ್ನು ಹುಡುಕುವವರು ಏನನ್ನು ಹುಡುಕುತ್ತಾರೆ?

ಇನ್ನೊಂದು ಉದಾಹರಣೆ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ 7.0 ಪ್ರಮಾಣದ ಭೂಕಂಪವಾಗಿ ಒಂದು ಲಕ್ಷಕ್ಕೂ ಹೆಚ್ಚು ಜನರು ಸತ್ತರು. ಅದೇ ವರ್ಷ ಫೆಬ್ರವರಿ 27ರಂದು ಚಿಲಿ ದೇಶದಲ್ಲಿ 8.8 ಪ್ರಮಾಣದ ಭೂಕಂಪವಾಯಿತು. ಅದರ ಶಕ್ತಿ ಹೈಟಿಯದಕ್ಕಿಂತ ಸುಮಾರು 500 ಪಟ್ಟು ಹೆಚ್ಚು. ಆದರೆ ಸತ್ತವರು ಐನೂರ ಚಿಲ್ಲರೆ. ಹೈಟಿಯದು ರಾಜಧಾನಿಗೆ ತೀರಾ ಹತ್ತಿರವಾಗಿತ್ತು ಎಂಬುದು ನಿಜ. ಆದರೂ ಮುಖ್ಯ ವ್ಯತ್ಯಾಸ ಗೋಡೆ ಕಂಬಗಳಲ್ಲಿತ್ತು. ಚಿಲಿಯಲ್ಲಿ ಕಟ್ಟಡದ ಕಾನೂನು ಕಟ್ಟುನಿಟ್ಟಾಗಿದೆ, ಅದನ್ನು ಪಾಲಿಸುತ್ತಾರೆ. ಚಿಲಿಯವರು ಹೈಟಿಯವರಿಗಿಂತ ಐನೂರು ಪಟ್ಟು ಧರ್ಮಿಷ್ಠರೆಂದು ಯಾರೂ ಹೇಳಲಾರರು.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ದೀನೀ ಶಿಕ್ಷಣ ಪಡೆದ ನಮ್ಮಂಥವರಿಗೆ ಇಮಾಮ್ ಜಲಾಲುದ್ದೀನ್ ಸುಯೂತಿಯವರ ಹೆಸರು ‘ಜಲಾಲೈನ್’ ತಫ್ಸೀರಿನ ಮೂಲಕ ಪರಿಚಿತ. ಆದರೆ ಅವರು ಭೂಕಂಪಗಳ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಭೂಕಂಪವು ಅಲ್ಲಾಹನ ಎಚ್ಚರಿಕೆ ಎಂದು ನಂಬಿದ್ದ ಆ ವಿದ್ವಾಂಸರು, ಯಾವ ವರ್ಷ, ಯಾವ ಊರಿನಲ್ಲಿ, ಏನೆಲ್ಲ ಬಿತ್ತು ಎಂಬುದನ್ನು ಒಂದೊಂದಾಗಿ ದಾಖಲಿಸಿದರು. ಅವರು ತೀರಿಕೊಂಡದ್ದು 1505ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಲಂಡನಿನ ಪ್ರೊ. ಆಂಬ್ರಸೇಸ್‌ರಂತಹ ಸಂಶೋಧಕರು ಅರಬ್ ಪ್ರದೇಶಗಳ ಹಳೆಯ ಭೂಕಂಪಗಳ ಪಟ್ಟಿ ತಯಾರಿಸುವಾಗ ಇಂತಹ ಅರಬೀ ಬರಹಗಳನ್ನು ಆಧಾರವಾಗಿಟ್ಟುಕೊಂಡರು. ಹಿಂದೆ ಎಲ್ಲಿ ನಡುಗಿತ್ತೆಂದು ತಿಳಿದರೆ ಮುಂದೆ ಎಲ್ಲಿ ಗಟ್ಟಿಯಾಗಿ ಕಟ್ಟಬೇಕೆಂಬುದು ತಿಳಿಯುತ್ತದೆ. ಕಾರಣವನ್ನು ಅರಸುವುದು ವಿಶ್ವಾಸಕ್ಕೆ ವಿರೋಧವೆಂದು ಭಾವಿಸುವವರು ಸುಯೂತಿಯವರ ಈ ಶ್ರಮವನ್ನು ನೋಡಬೇಕು.

ಹಾಗಾದರೆ ಈ ವಿಪತ್ತುಗಳಲ್ಲಿ ಪಾಪವೇ ಇಲ್ಲವೇ? ಇದೆ. ಆದರೆ ನಾವು ಬೆರಳು ತೋರಿಸುವ ಕಡೆ ಇಲ್ಲ. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾದಲ್ಲಿ 7.8 ಪ್ರಮಾಣದ ಕಂಪನವಾಯಿತು. ತುರ್ಕಿಯೊಂದರಲ್ಲೇ 50 ಸಾವಿರಕ್ಕಿಂತ ಹೆಚ್ಚು ಜನರು ಸತ್ತರು. ಐದು ಹೊತ್ತೂ ಬಾಂಗ್ ಕೇಳುವ ಊರುಗಳವು. ಅಲ್ಲಿ ಒಳ್ಳೆಯ ಕಾನೂನು ಕಾಗದದಲ್ಲಿತ್ತು. ಆದರೆ ನಿಯಮ ಮೀರಿದ ಕಟ್ಟಡಗಳನ್ನು ಹಣ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆ 2018ರಲ್ಲಿ ಬಂದಿತ್ತು. ಅಕ್ರಮ-ಸಕ್ರಮ ಎಂಬ ಮಾತು ನಮಗೂ ಹೊಸದಲ್ಲ. ಅಂತಾಕ್ಯ ನಗರದಲ್ಲಿ ನೂರಾರು ಜನರ ಮೇಲೆ ಮಗುಚಿಬಿದ್ದ ವಸತಿ ಕಟ್ಟಡವೊಂದರ ಗುತ್ತಿಗೆದಾರ ದೇಶ ಬಿಡಲು ಹೊರಟಾಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಕಬ್ಬಿಣದಲ್ಲಿ ಕದ್ದು, ಸಿಮೆಂಟಿನಲ್ಲಿ ಕದ್ದು ಕಟ್ಟಿದ ಮನೆಯನ್ನು ಮಾರುವುದು ತೂಕದಲ್ಲಿ ಮೋಸ ಮಾಡುವುದಲ್ಲದೆ ಬೇರೇನು? ಮದ್‌ಯನ್ ಜನಾಂಗದ ಅಪರಾಧಗಳಲ್ಲಿ ಅಳತೆ ತೂಕದ ಮೋಸವೂ ಒಂದಾಗಿತ್ತೆಂಬುದು ನೆನಪಿರಲಿ.

ನಮ್ಮ ಕರಾವಳಿ ಮಲೆನಾಡುಗಳಿಗೆ ಭೂಕಂಪಕ್ಕಿಂತ ಗುಡ್ಡ ಕುಸಿತದ ಭಯ ಹತ್ತಿರದ್ದು. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆ. ವಯನಾಡಿನಲ್ಲಿ 250ಕ್ಕೂ ಹೆಚ್ಚು ಜೀವಗಳು ಹೋದವು. ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡದ ಬುಡದಲ್ಲಿ ಚಹಾ ಮಾರುತ್ತಿದ್ದ ಕುಟುಂಬವೂ, ಲಾರಿ ನಿಲ್ಲಿಸಿದವರೂ ಮಣ್ಣಿನೊಡನೆ ಗಂಗಾವಳಿ ನದಿ ಸೇರಿದರು. ಇದರ ವಿಜ್ಞಾನ ಕಷ್ಟದ್ದೇನಲ್ಲ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಎಡೆಬಿಡದ ಮಳೆಗೆ ನೀರು ಒಳಗಿಳಿದು ಮಣ್ಣಿನ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಮಣ್ಣಿನ ಭಾರವೂ ಹೆಚ್ಚುತ್ತದೆ. ಮುಂದಿನದಕ್ಕೆ ಒಂದು ರಾತ್ರಿ ಸಾಕು. ಭೂಕಂಪದ ದಿನ ಗಳಿಗೆಯನ್ನು ಯಾವ ವಿಜ್ಞಾನಿಯೂ ಮೊದಲೇ ಹೇಳಲಾರ. ಗುಡ್ಡ ಕುಸಿತದ ವಿಷಯದಲ್ಲಿ ಅಪಾಯದ ಜಾಗಗಳ ನಕ್ಷೆಯಿದೆ, ಮಳೆಯ ಅಳತೆಯಿದೆ, ಎಚ್ಚರಿಕೆಯೂ ಬರುತ್ತದೆ.

ಎಚ್ಚರಿಕೆ ಬಂದಾಗ “ಅಲ್ಲಾಹನ ವಿಧಿ ಇದ್ದಂತಾಗಲಿ” ಎಂದು ಮನೆಯಲ್ಲೇ ಕೂರುವವರಿದ್ದಾರೆ. ಹಝ್ರತ್ ಉಮರ್(ರ) ಸಿರಿಯಾಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದೆಯೆಂಬ ಸುದ್ದಿ ತಿಳಿದು ಸರ್ಗ್ ಎಂಬಲ್ಲಿಂದ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದಾಗ, ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಎಂಬ ಉತ್ತರ ಬಂತು. ಒಂಟೆಯನ್ನು ಕಟ್ಟಿ ಭರವಸೆಯಿಡುವ ಹದೀಸ್ ನಮಗೆಲ್ಲ ಬಾಯಿಪಾಠವಾಗಿದೆ. ಹಗ್ಗ ಮಾತ್ರ ಕೈಯಲ್ಲಿಲ್ಲ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮೇಸ್ತ್ರಿಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ಜೆಸಿಬಿಯ ಮಾಲಕರಿದ್ದಾರೆ, ಗಲ್ಫಿನ ಬಿಸಿಲಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸುವವರಿದ್ದಾರೆ. ಕಟ್ಟಿಸುವವರು ನೆಲದ ಟೈಲ್ಸಿಗೆ ಕೊಡುವ ಗಮನವನ್ನು ಕಂಬದ ರಿಂಗುಗಳಿಗೂ ಕೊಡಲಿ. ರಿಂಗಿನ ತುದಿಯನ್ನು ಕಾಂಕ್ರೀಟಿನ ಒಳಕ್ಕೆ ಮಡಚಿದ್ದಾರೆಯೇ, ಬಾಗಿಲ ಮೇಲಿನ ಬೆಲ್ಟ್ ಮನೆಯ ಸುತ್ತಲೂ ಸುತ್ತಿ ಬಂದಿದೆಯೇ ಎಂದು ಕೇಳಲಿ. ಜೆಸಿಬಿ ಮಾಲಕರೇ, ಮೇಲೆ ಇನ್ನೊಬ್ಬರ ಮನೆಯಿರುವ ಬರೆಯನ್ನು ನೆಟ್ಟಗೆ ಕಡಿಯಲು ಯಾರಾದರೂ ಕರೆದರೆ, ಆ ದಿನದ ಬಾಡಿಗೆ ಹಲಾಲ್ ಆಗುವುದೇ ಎಂದು ನಿಮ್ಮೂರಿನ ಉಸ್ತಾದರನ್ನು ಕೇಳಿ ನೋಡಿರಿ.

ಜಮಾಅತ್ ಸಮಿತಿಯವರಿಗೂ ಒಂದು ಬಿನ್ನಹವಿದೆ. ನಮ್ಮಲ್ಲಿ ಹಲವು ಮದ್ರಸಾಗಳು ಗುಡ್ಡ ಕಡಿದ ಜಾಗದಲ್ಲೇ ನಿಂತಿವೆ. ಮಳೆಗಾಲದ ಮೊದಲು ಒಂದು ಜುಮುಅದ ಬಳಿಕ ನಾಲ್ಕು ಜನರು ಹಿಂಬದಿಗೆ ಹೋಗಿ ನೋಡಿರಿ. ಬರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೇ? ಮರಗಳು ಕೆಳಕ್ಕೆ ವಾಲಿವೆಯೇ? ಹಿಂದೆ ಇಲ್ಲದ ಕಡೆ ಕೆಸರು ನೀರು ಜಿನುಗುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಪಂಚಾಯತ್‌ಗೆ ಲಿಖಿತವಾಗಿ ತಿಳಿಸಿರಿ. ಉತ್ತರ ಬರುವ ತನಕ ಮಕ್ಕಳ ತರಗತಿಯನ್ನು ಮಸೀದಿಯ ಮುಂಭಾಗದ ಹಾಲ್‌ಗೆ ಸ್ಥಳಾಂತರಿಸಿರಿ.