ದೋಷ ತೋರುವ ಸ್ಥಳ ಮತ್ತು ದೋಷದ ನೆಲೆ

ದೋಷವು ಎಲ್ಲಿ ಕಾಣಿಸಿಕೊಳ್ಳುತ್ತದೆಯೋ ಅಲ್ಲಿಯೇ ಅದರ ಕಾರಣವೂ ಇದೆಯೆಂದು ನಿರ್ಣಯಿಸುವುದು ಯುಕ್ತವೇ ಎಂಬುದು ತರ್ಕಕ್ಕೂ ಧರ್ಮಕ್ಕೂ ಸಮಾನವಾಗಿ ಸೇರಿದ ಪ್ರಶ್ನೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಂಥ ಬರದ ಸೀಮೆಯಲ್ಲಿ ಈ ಪ್ರಶ್ನೆಗೆ ಕೊಳವೆಬಾವಿಯ ಕೈಪಂಪೇ ಉತ್ತಮ ನಿದರ್ಶನ. ನೆರೆಯ ಸೊಲ್ಲಾಪುರದಲ್ಲಿ ರೂಪುಗೊಂಡ ಪಂಪನ್ನು ಆಧರಿಸಿ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಸಿದ್ಧವಾದ ಇಂಡಿಯಾ ಮಾರ್ಕ್-2 ಪಂಪಿನಲ್ಲಿ ಹಿಡಿಕೆ, ಅಚ್ಚು, ಬೇರಿಂಗು, ಸರಪಳಿ, ಕೊಳವೆಯೊಳಗಿನ ಸರಳುಗಳು ಹಾಗೂ ತಳದ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಒಂದಕ್ಕೊಂದು ಕೊಂಡಿಯಾಗಿರುವುದರಿಂದ, ಯಾವ ಅಂಗ ಕೆಟ್ಟರೂ ಅದರ ಪೆಟ್ಟು ಕೊನೆಗೆ ತಟ್ಟುವುದು ಹಿಡಿಕೆ ಹಿಡಿದ ಕೈಗೆ.

ಅಚ್ಚಿನ ನಟ್ಟು ಸಡಿಲಾದರೆ ಅಥವಾ ಬೇರಿಂಗು ಸವೆದರೆ ಹಿಡಿಕೆ ಅಲುಗಾಡುತ್ತದೆ. ಪಿಸ್ಟನ್ನಿನ ಚರ್ಮದ ವಾಷರು ಸಿಲಿಂಡರಿನಲ್ಲಿ ಬಿಗಿದುಕೊಂಡರೆ ಮರಳುವ ಎಳೆತದಲ್ಲಿ ಸರಪಳಿ ಮಡಚಿಕೊಳ್ಳುತ್ತದೆ. ಸರಳು ಬಾಗಿದ್ದರೆ ಕೊಳವೆಗೆ ಉಜ್ಜಿ ಸದ್ದು ಮಾಡುತ್ತದೆ. ಚಲನೆ ಸಮವಾಗಿಲ್ಲವೆಂಬ ಕಾರ್ಯ ಒಂದೇ ಆದರೂ ಕಾರಣಗಳು ಹಲವು.

ನ್ಯಾಯದರ್ಶನಕ್ಕೆ ಆಧಾರವಾದ ಗೌತಮನ ನ್ಯಾಯಸೂತ್ರಗಳು ಈ ತೊಡಕನ್ನು ನೇರವಾಗಿ ಎದುರಿಸುತ್ತವೆ. ನದಿ ತುಂಬಿ ಬಂದುದನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವುದು, ಅಂದರೆ ಕಾರ್ಯದಿಂದ ಕಾರಣವನ್ನು ಊಹಿಸುವುದು, ‘ಶೇಷವತ್’ ಎಂಬ ಅನುಮಾನ. ಪ್ರವಾಹಕ್ಕೆ ಅಡ್ಡಗಟ್ಟಿದರೂ ನೀರು ಏರುವುದರಿಂದ ಇಂಥ ಅನುಮಾನ ನಂಬಲರ್ಹವಲ್ಲವೆಂದು ಪೂರ್ವಪಕ್ಷ ಆಕ್ಷೇಪಿಸುತ್ತದೆ. ನೀರಿನ ಏರಿಕೆಯೊಂದೇ ಗುರುತಲ್ಲ, ಸೆಳವು, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳನ್ನು ಕೂಡಿಸಿ ನೋಡಿದಾಗಲೇ ಅದು ಮಳೆಯ ಗುರುತು ಎಂಬುದು ಭಾಷ್ಯಕಾರ ವಾತ್ಸ್ಯಾಯನನ ಸಮಾಧಾನ. ಶೇಷವತ್ತಿಗೆ ಅವನು ಹೇಳುವ ಇನ್ನೊಂದು ಅರ್ಥವೇ ‘ಪರಿಶೇಷ’: ಸಂಭವನೀಯವಾದವುಗಳನ್ನು ಒಂದೊಂದಾಗಿ ನಿರಾಕರಿಸಿ, ಉಳಿದುದನ್ನು ಒಪ್ಪುವ ಕ್ರಮ. ಸರಪಳಿಯನ್ನು ಹಿಡಿಕೆಯಿಂದ ಬಿಡಿಸಿದ ಮೇಲೂ ಹಿಡಿಕೆ ಅಲುಗಾಡಿದರೆ ದೋಷ ಮೇಲಿದೆ, ಸರಾಗವಾಗಿ ಆಡಿದರೆ ಕೆಳಗಿದೆ ಎಂದು ಪಂಪು ರಿಪೇರಿಯವನು ಗೊತ್ತುಮಾಡಿಕೊಳ್ಳುವಾಗ ಅನುಸರಿಸುವುದು ಇದನ್ನೇ.

ಮನುಷ್ಯರ ವಿಷಯದಲ್ಲಿ ಹೀಗೆ ಒಂದೊಂದಾಗಿ ಪರೀಕ್ಷಿಸುವ ತಾಳ್ಮೆ ಹೆಚ್ಚು ಅಪರೂಪ. ಬೆಳೆ ಕೈಕೊಟ್ಟರೆ ರೈತನ ಸೋಮಾರಿತನ, ಮಗು ಓದಿನಲ್ಲಿ ಹಿಂದುಳಿದರೆ ತಾಯಿಯ ಅಲಕ್ಷ್ಯ, ಎರಡೂ ಅಲ್ಲವೆಂದಾದರೆ ಪೂರ್ವಜನ್ಮದ ಕರ್ಮ ಎಂದು ನಡುವಿನ ಕೊಂಡಿಗಳನ್ನು ನೋಡದೆಯೇ ತೀರ್ಪು ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕರ್ಮಸಿದ್ಧಾಂತವನ್ನು ಒಪ್ಪುವವರಿಗೂ ಕಣ್ಣೆದುರಿನ ಕಾರಣಗಳನ್ನು ಪರೀಕ್ಷಿಸುವ ಹೊಣೆ ತಪ್ಪುವುದಿಲ್ಲ, ಏಕೆಂದರೆ ನ್ಯಾಯದರ್ಶನದ ಪ್ರಕಾರವೂ ಅದೃಷ್ಟವು, ಎಂದರೆ ಹಿಂದಿನ ಕರ್ಮ ಉಳಿಸಿದ ಕಾಣದ ಪ್ರಭಾವವು, ಕಾರಣಗಳಲ್ಲೊಂದೇ ಹೊರತು ಮಿಕ್ಕೆಲ್ಲ ಕಾರಣಗಳನ್ನು ಅಳಿಸಿಹಾಕುವಂಥದಲ್ಲ. ಇಂಥ ಪರೀಕ್ಷೆ ಬರಿಯ ತರ್ಕವಲ್ಲ, ಸೇವೆಯೂ ಹೌದು. ಜತ್ತ ತಾಲೂಕಿನದೇ ಆದ ಗುಡ್ಡಾಪುರದಲ್ಲಿ ಆರಾಧನೆಗೊಳ್ಳುವ ಹನ್ನೆರಡನೆಯ ಶತಮಾನದ ಶರಣೆ ದಾನಮ್ಮನ ಹೆಸರು ದಾಸೋಹದೊಂದಿಗೆ, ಎಂದರೆ ದುಡಿದುದನ್ನು ವಿನಯದಿಂದ ಹಂಚುವ ವ್ರತದೊಂದಿಗೆ, ಬೆಸೆದುಕೊಂಡಿದೆ. ಬರದ ನಾಡಿನಲ್ಲಿ ನಿಂತ ಪಂಪನ್ನು ಸರಿಪಡಿಸಿ ಊರಿಗೆ ನೀರು ಕೊಡುವ ಕಾಯಕವೂ ದಾಸೋಹವೇ. ಆ ಕಾಯಕವು ಬೇಡುವ ಪರೀಕ್ಷೆಯನ್ನು ಮನುಷ್ಯರಿಗೆ ನಿರಾಕರಿಸಿ, ಕೈಗೆ ಸಿಕ್ಕವರ ಮೇಲೆ ದೋಷ ಹೊರಿಸುವುದು ತರ್ಕದಲ್ಲಿ ತಪ್ಪು, ನಡತೆಯಲ್ಲಿ ಅಧರ್ಮ.