ಸೌಂದರ್ಯಾನುಭವ: ನೋಟ ಮತ್ತು ಬಯಕೆ

ಸುಂದರವಾದುದನ್ನು ಕಂಡಾಗ ಮನಸ್ಸು ಅರಳುತ್ತದೆ. ಆ ಆನಂದವು ಜೀವನನ್ನು ಮೇಲಕ್ಕೆತ್ತುತ್ತದೆಯೋ ಅಥವಾ ಇಂದ್ರಿಯವಿಷಯಗಳಿಗೆ ಮತ್ತಷ್ಟು ಕಟ್ಟಿಹಾಕುತ್ತದೆಯೋ ಎಂಬುದು ಪುರಾತನ ಪ್ರಶ್ನೆ. ವೈರಾಗ್ಯವನ್ನು ಪರಮಮೌಲ್ಯವೆಂದು ಬಗೆದ ಜೈನ ಸಮಾಜವೇ ಶಿಲ್ಪ, ಚಿತ್ರ, ಕಾವ್ಯಗಳಿಗೆ ಧಾರಾಳವಾಗಿ ಆಶ್ರಯವಿತ್ತಿದೆ. ಮೇಲುನೋಟಕ್ಕೆ ಇದು ವಿರೋಧಾಭಾಸವೆಂದು ತೋರುತ್ತದೆ. ಆದುದರಿಂದ ಸೌಂದರ್ಯಾನುಭವದ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯ.

ಜರ್ಮನಿಯ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಪ್ರಕಟಿಸಿದ ನಿರ್ಣಯಶಕ್ತಿಯ ವಿಮರ್ಶೆಯಲ್ಲಿ ಒಂದು ಸೂಕ್ಷ್ಮ ಭೇದವನ್ನು ಗುರುತಿಸಿದನು. ರುಚಿಯಾದ ಆಹಾರದಿಂದ ಬರುವ ಸುಖದಲ್ಲಿ ಅದು ತನಗೆ ಬೇಕೆಂಬ ಅಪೇಕ್ಷೆ ಬೆರೆತಿರುತ್ತದೆ. ಸೌಂದರ್ಯದಿಂದ ಬರುವ ಸುಖದಲ್ಲಿ ಅಂತಹ ಅಪೇಕ್ಷೆ ಇರುವುದಿಲ್ಲ. ಅರಮನೆಯೊಂದು ಸುಂದರವೆಂದು ಒಪ್ಪಲು ಅದರ ಒಡೆಯನಾಗಬೇಕೆಂಬ ಆಸೆ ಬೇಕಿಲ್ಲ. ಆಸೆ ಬೆರೆತೊಡನೆ ಅದು ಶುದ್ಧ ಸೌಂದರ್ಯನಿರ್ಣಯವಾಗಿ ಉಳಿಯುವುದಿಲ್ಲ ಎಂಬುದು ಅವನ ವಾದ.

ಎರಡು ಶತಮಾನಗಳ ತರುವಾಯ ಮೆದುಳಿನ ವಿಜ್ಞಾನವು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಲಂಡನ್ನಿನ ಸೆಮೀರ್ ಝೆಕಿ ಮತ್ತು ಅವರ ಸಹೋದ್ಯೋಗಿ ಇಶಿಝು 2011ರಲ್ಲಿ 21 ಜನರಿಗೆ ಚಿತ್ರಗಳನ್ನು ತೋರಿಸಿ, ಸಂಗೀತವನ್ನು ಕೇಳಿಸಿ, ಅವರ ಮೆದುಳಿನ ರಕ್ತಸಂಚಾರವನ್ನು ಯಂತ್ರದ ಮೂಲಕ ಪರೀಕ್ಷಿಸಿದರು. ಕಣ್ಣಿನಿಂದ ಬಂದ ಚೆಲುವಿಗೂ ಕಿವಿಯಿಂದ ಬಂದ ಇಂಪಿಗೂ ಮೆದುಳಿನ ಮುಂಭಾಗದಲ್ಲಿ, ಕಣ್ಣುಗೂಡುಗಳಿಗೆ ಮೇಲಿರುವ ಒಂದೇ ಪ್ರದೇಶ ಸ್ಪಂದಿಸಿತು. ಹೆಚ್ಚು ಸುಂದರವೆನಿಸಿದಷ್ಟೂ ಸ್ಪಂದನವೂ ಹೆಚ್ಚಿತು. ಆದರೆ ಹಣ ಗೆದ್ದಾಗಲೂ ಸವಿಯಾದುದನ್ನು ಉಂಡಾಗಲೂ ಅದೇ ಭಾಗ ಸ್ಪಂದಿಸುವುದು ಇತರ ಪ್ರಯೋಗಗಳಲ್ಲಿ ಕಂಡುಬಂದಿದೆ. ಹೀಗಿರುವಾಗ ಆ ಸ್ಪಂದನವೊಂದನ್ನೇ ನೋಡಿ ಮನುಷ್ಯನು ಕಲೆಯನ್ನು ಸವಿಯುತ್ತಿರುವನೋ ಲಾಭವನ್ನು ಎಣಿಸುತ್ತಿರುವನೋ ಎಂದು ನಿಶ್ಚಯಿಸಲಾಗದು.

ಇಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಅವರ ಸಂಶೋಧನೆ ನೆರವಾಗುತ್ತದೆ. ಡೋಪಮೈನ್ ಎಂಬ ರಾಸಾಯನಿಕವನ್ನು ಕಳೆದುಕೊಂಡ ಇಲಿಗಳು ಆಹಾರವನ್ನು ಅರಸಿ ಹೋಗುವುದನ್ನೇ ಬಿಟ್ಟವು. ಆದರೂ ಸಿಹಿಯನ್ನು ಬಾಯಿಗೆ ಹಾಕಿದಾಗ ಸವಿಯುವ ಲಕ್ಷಣವನ್ನು ತೋರಿದವು. ಜೀವಿಗಳ ಮೇಲೆ ಇಂತಹ ಪ್ರಯೋಗವನ್ನು ಅಹಿಂಸಾಧರ್ಮವು ಸಮ್ಮತಿಸದು. ಆದರೂ ಅದರಿಂದ ತಿಳಿದುಬಂದ ಸಂಗತಿ ವಿಚಾರಾರ್ಹವಾದುದು: ಸವಿಯುವುದು ಬೇರೆ, ಬಯಸುವುದು ಬೇರೆ. ವ್ಯಸನಿಗಳಲ್ಲಿ ಸವಿ ಹೆಚ್ಚದಿದ್ದರೂ ಬಯಕೆ ಬೆಳೆಯುತ್ತಲೇ ಹೋಗುವುದು ಇದರಿಂದಲೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಪರಿಗ್ರಹವ್ರತದ ಐದು ಭಾವನೆಗಳನ್ನು ಹೇಳುವಾಗ ಇದೇ ವಿವೇಕವನ್ನು ತೋರಿದೆ. ಇಂದ್ರಿಯಗಳಿಗೆ ಪ್ರಿಯವಾದ ವಿಷಯಗಳಲ್ಲಿ ರಾಗವನ್ನೂ ಅಪ್ರಿಯವಾದವುಗಳಲ್ಲಿ ದ್ವೇಷವನ್ನೂ ಬಿಡಬೇಕೆಂಬುದು ಅಲ್ಲಿಯ ವಿಧಿ. ಕಣ್ಣು ಕಾಣುವುದು, ಕಿವಿ ಕೇಳುವುದು ದೋಷವಲ್ಲ. ಕಂಡುದಕ್ಕೆ ಅಂಟಿಕೊಳ್ಳುವ ರಾಗವೇ ಬಂಧಕಾರಣ.

ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗದಲ್ಲಿ ಇದಕ್ಕೆ ಉಜ್ಜ್ವಲ ನಿದರ್ಶನವಿದೆ. ವೃಷಭನಾಥನ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ದೇವನರ್ತಕಿಯ ಆಯುಷ್ಯ ತೀರಿತು. ರಸಭಂಗವಾಗದಿರಲೆಂದು ಇಂದ್ರನು ಅವಳಂತಹುದೇ ರೂಪವನ್ನು ಅಲ್ಲಿ ನಿಲ್ಲಿಸಿದನು. ನೃತ್ಯ ಮುಂದುವರಿಯಿತು, ಸಭಿಕರಿಗೆ ಏನೂ ತಿಳಿಯಲಿಲ್ಲ. ವೃಷಭನಾಥನಿಗೆ ಮಾತ್ರ ತಿಳಿಯಿತು. ಎಲ್ಲರ ಕಣ್ಣಿಗೂ ಬಿದ್ದ ನೃತ್ಯ ಒಂದೇ. ಉಳಿದವರು ಅದು ಮುಗಿಯದಿರಲೆಂದು ಬಯಸುತ್ತ ನೋಡಿದರು. ಅವನು ಏನನ್ನೂ ಬಯಸದೆ ನೋಡಿದನು. ಗಮನಾರ್ಹವಾದುದೆಂದರೆ, ಅವನ ವೈರಾಗ್ಯವು ಕಲೆಯಿಂದ ಮುಖ ತಿರುಗಿಸಿದ್ದರಿಂದ ಹುಟ್ಟಲಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡಿದವನು ಅವನೇ. ಚೆಲುವನ್ನು ಪೂರ್ಣವಾಗಿ ಕಂಡವನಿಗೆ ಅದರ ಅನಿತ್ಯತೆಯೂ ಕಂಡಿತು.

ಮೆದುಳಿನ ಪರೀಕ್ಷೆಯು ಸವಿಯುವ ಅಂಗವನ್ನು ತೋರಿಸಬಲ್ಲದು. ಸವಿದವನ ಭಾವಶುದ್ಧಿಯನ್ನು ಅಳೆಯಲಾರದು. ಅದು ಒಂದು ನಯ ಮಾತ್ರ, ವಸ್ತುವಿನ ಸಮಗ್ರ ಸ್ವರೂಪವಲ್ಲ.

ಬಸದಿಗಳ ಜೀರ್ಣೋದ್ಧಾರವನ್ನು ಕೈಗೊಳ್ಳುವ ವಿಶ್ವಸ್ತ ಮಂಡಳಿಗಳಿಗೂ ಈ ವಿಚಾರ ಸಂಬಂಧಿಸಿದುದೇ. ಹಳೆಯ ಶಿಲೆಗೆ ಹೊಳೆಯುವ ಬಣ್ಣ ಬಳಿದಾಗ, ಗರ್ಭಗೃಹಕ್ಕೆ ಥಳಥಳಿಸುವ ದೀಪಗಳನ್ನು ಜೋಡಿಸಿದಾಗ, ದಾನಿಯ ಹೆಸರನ್ನು ಬಿಂಬಕ್ಕಿಂತ ಎದ್ದು ಕಾಣುವಂತೆ ಕೆತ್ತಿಸಿದಾಗ ಬೆಳೆಯುವುದು ನೋಟವೋ, ಬಯಕೆಯೋ? ಥಳಕಿನ ಸ್ವಭಾವವೆಂದರೆ ಕೆಲವೇ ದಿನಗಳಲ್ಲಿ ಸಪ್ಪೆಯಾಗಿ ಇನ್ನೂ ಹೆಚ್ಚಿನದನ್ನು ಕೇಳುವುದು. 981ರಲ್ಲಿ ಚಾವುಂಡರಾಯನು ಮಾಡಿಸಿದ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಮೈಮೇಲೆ ಒಂದು ಆಭರಣವೂ ಇಲ್ಲ. ಸಾವಿರ ವರ್ಷಗಳಿಂದ ಜನರು ಅದನ್ನು ನೋಡುತ್ತಲೇ ಇದ್ದಾರೆ. ಯಾರಿಗೂ ಅದು ಸಪ್ಪೆಯೆನಿಸಿಲ್ಲ. ಬಸದಿಯಲ್ಲಿ ಒಂದು ರೂಪಾಯಿಯನ್ನು ಅಲಂಕಾರಕ್ಕೆ ವ್ಯಯಿಸುವ ಮುನ್ನ, ಅದು ದರ್ಶನಕ್ಕೆ ಬಂದವರ ಮನಸ್ಸನ್ನು ಶಾಂತಗೊಳಿಸುವುದೋ ಕೆರಳಿಸುವುದೋ ಎಂದು ಕೇಳಿಕೊಳ್ಳುವುದು ಶ್ರಾವಕಧರ್ಮಕ್ಕೆ ಒಪ್ಪುವ ನಡೆ.